ಫೋನಿಗೊಂದು ಬಾಲ

ನನ್ನ ಕಿವಿಯ ಬಗ್ಗೆ ನನಗೆ ಅಂಥ ಅಭಿಮಾನವೇನೂ ಇರಲಿಲ್ಲ. ಹೆಂಡತಿ ಅಡುಗೆಮನೆಯಿಂದ ಮೂರು ಸಲ ಕರೆದರೆ ಒಂದು ಸಲಕ್ಕೆ ಓಗೊಡುವ ಕಿವಿ ಅದು. ಹಾಗಿದ್ದೂ, ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ನನ್ನ ಜೊತೆ ಪಾಠ ಮಾಡುವ ಭೌತಶಾಸ್ತ್ರದ ಮೇಷ್ಟ್ರ ಮಾತು ಕೇಳಿ, ಫೋನಿಗೂ ಇಯರ್‌ಫೋನಿಗೂ ನಡುವೆ ಸಿಕ್ಕಿಸುವ ಹೆಬ್ಬೆರಳಿನಷ್ಟು ಗಾತ್ರದ ಕನ್ವರ್ಟರ್ ಒಂದನ್ನು ತರಿಸಿದೆ. "ಫೋನಿನೊಳಗೆ ಹಾಡು ಅನ್ನೋದು ಬರೀ ಅಂಕಿ ಸಾರ್. ಅದನ್ನ ದನಿ ಮಾಡೋ ಕೆಲಸಾನ ಫೋನು ನೂರು ಕೆಲಸದ ಮಧ್ಯೆ ಹೇಗೋ ಮುಗಿಸ್ತದೆ. ಇದು ಅದೊಂದನ್ನೇ ಮಾಡ್ತದೆ," ಎಂದಿದ್ದರು. ಒಂದೇ ಕೆಲಸವನ್ನು ಮನಸ್ಸಿಟ್ಟು ಮಾಡುವವರನ್ನು ಕಂಡರೆ ಯಾರಿಗೆ ಗೌರವವಿರುವುದಿಲ್ಲ, ನೀವೇ ಹೇಳಿ.

ಫೋನಿಗೆ ಬಾಲ ಬಂದ ಮೇಲೆ, ಗೌರಿಬಿದನೂರಿನ ನಮ್ಮ ಮನೆಯಲ್ಲಿ ನಾನು ಏಕಾಏಕಿ ರಸಿಕನಾದೆ. ತಂಬೂರಿ ಮೀಟುವ ಬೆರಳು, ಗಾಯಕರು ಉಸಿರೆಳೆದುಕೊಳ್ಳುವುದು, ಎಲ್ಲ ಕೇಳತೊಡಗಿತು. ಒಂದು ಭಾನುವಾರ, ಎರಡು ವರ್ಷದ ಹಿಂದೆ ನಮ್ಮ ಗೃಹಪ್ರವೇಶದಲ್ಲಿ ಶಾರದಕ್ಕ ಹಾಡಿದ್ದ, ನಾನು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಂಡಿದ್ದ ತತ್ವಪದವನ್ನು ಹಾಕಿಕೊಂಡೆ.

ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ಶಿಡ್ಲಘಟ್ಟದ ಹತ್ತಿರ ರೇಷ್ಮೆಹುಳು ಸಾಕುತ್ತಾಳೆ. ಅಂದು ಒಂದೇ ನುಡಿ ಹಾಡಿ, "ಗಂಟಲು ಕಟ್ಕೊಂಡಿದೆ" ಎಂದು ನಿಲ್ಲಿಸಿದ್ದಳು. ಆಮೇಲೆ ಯಾರು ಕೇಳಿದರೂ ಹಾಡಲಿಲ್ಲ. ನಾನೂ ಸೇರಿದಂತೆ ಎಲ್ಲರೂ ಅವಳಿಗೆ ಶುಂಠಿ, ಜೇನು ಹೇಳಿದ್ದೇ ಹೇಳಿದ್ದು.

ಆ ನುಡಿಯ ಕೊನೆಯಲ್ಲಿ, ನಾನು ಇಷ್ಟು ದಿನ ಬರೀ ಗುಜುಗುಜು ಅಂದುಕೊಂಡಿದ್ದ ಜಾಗದಲ್ಲಿ, ಒಂದು ಗಂಡಸಿನ ದನಿ ಸ್ಪಷ್ಟವಾಗಿ ಕೇಳಿತು: "ಇವಳು ಶುರು ಹಚ್ಕೊಂಡ್ರೆ ನಿಲ್ಸೋದಿಲ್ಲ. ಎಲೆ ಹಾಕ್ಸಿಬಿಡಿ."

ದನಿ ನನ್ನದು. ಹಾಡು ಅಲ್ಲಿಗೇ ನಿಂತಿತ್ತು.

ಮರುದಿನ ರಜೆ ಹಾಕಿ ಅಕ್ಕನ ಊರಿಗೆ ಹೊರಟೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಕ್ಷಮೆಯ ಮಾತು ಜೋಡಿಸಿಕೊಂಡಿದ್ದೆ. ಪಾಠ ಮಾಡಿ ಬದುಕುವವನಿಗೆ ಹುಳುಮನೆಯ ಬಾಗಿಲಲ್ಲಿ ಒಂದೂ ನೆನಪಾಗಲಿಲ್ಲ. ಫೋನು, ಕನ್ವರ್ಟರು ಎರಡನ್ನೂ ತೋರಿಸಿ, "ಇದ್ರಲ್ಲಿ ಕೇಳಿಸ್ತು ಅಕ್ಕ, ಅವತ್ತು ಊಟದ ಹೊತ್ತಲ್ಲಿ ನಾನಂದಿದ್ದು. ನಿಂಗೂ ಕೇಳಿಸಿತ್ತಾ?" ಎಂದೆ.

ಹಿಪ್ಪುನೇರಳೆ ಸೊಪ್ಪು ಹರವುತ್ತಿದ್ದ ಕೈಯನ್ನು ಅವಳು ನಿಲ್ಲಿಸಲಿಲ್ಲ. "ಕೇಳಿಸಿತ್ತು ಕಣೋ. ನಂಗೆ ಅದಕ್ಕೆ ಮಿಷನ್ನು ಬೇಕಾಗ್ಲಿಲ್ಲಪ್ಪ."

"ತಪ್ಪಾಯ್ತು" ಎಂದೆ. ಅಕ್ಕ ಆಗ ತಲೆಯೆತ್ತಿ ನನ್ನ ಮುಖ ನೋಡಿದಳು. ಏನನ್ನಿಸಿತೋ, "ಅದಕ್ಕಲ್ಲ ನಾನು ನಿಲ್ಸಿದ್ದು. ಎರಡನೇ ನುಡಿ ಮರ್ತೋಯ್ತು, ಅಷ್ಟೇ. ಆ ಬುಟ್ಟಿ ಇತ್ಲಾಗೆ ತಗೊಂಬಾ" ಎಂದಳು.

ಬುಟ್ಟಿ ಹಿಡಿದು ಅವಳ ಹಿಂದೆ ನಡೆದೆ. ಹುಳುಗಳು ಸೊಪ್ಪು ಮೇಯುವ ಸದ್ದು ತುಂತುರಿನ ಹಾಗೆ ಏಳುತ್ತಿತ್ತು. ನಾಲ್ಕನೆಯ ತಟ್ಟೆಗೆ ಬಂದಾಗ, ತನಗೇ ಗೊತ್ತಿಲ್ಲದಂತೆ, ಅಕ್ಕ ಗುನುಗತೊಡಗಿದಳು. ಎರಡನೇ ನುಡಿ. ಒಂದಕ್ಷರವೂ ತಪ್ಪಲಿಲ್ಲ.

ನಾನು ಕೇಳಿಸದವನಂತೆ ಸೊಪ್ಪು ಹರವುತ್ತ ಹೋದೆ.