ಜೊಂಡು ಕಿತ್ತ ಮಾಲಿ

ಪಾರ್ಕಿನ ಹುಲ್ಲುಹಾಸನ್ನು ಅಗೆದು ಮಾಡಿದ ಹೊಸ ಜೌಗುಹೊಂಡದ ಉದ್ಘಾಟನೆಯ ದಿನ. ಅತಿಥಿಗಳು ಬರುವಷ್ಟರಲ್ಲಿ ಚೊಕ್ಕಟವಾಗಿರಲಿ ಎಂದು ಮಾಲಿ, ಪಾರ್ಕಿನ ಸಮಿತಿಯವರು ಅಲ್ಲಿ ನೆಡಿಸಿದ್ದ ಜೊಂಡನ್ನೆಲ್ಲ ಕಿತ್ತು, ದಡದ ಮೇಲೆ ಅಚ್ಚುಕಟ್ಟಾಗಿ ಒಟ್ಟಿದ್ದ.

“ಅಯ್ಯೋ ಮಾಲಿಯಣ್ಣ, ಅದು ಕಳೆ ಅಲ್ಲ, ಕೀಳ್ಬಾರ್ದು, ಕತ್ತರಿಸ್ಲೂಬಾರ್ದು! ಅದನ್ನ ತೋರಿಸೋಕೇ ಅಲ್ವಾ ಎಲ್ಲರನ್ನೂ ಕರೆದಿರೋದು!” ಎಂದು ಸಮಿತಿಯ ಅಧ್ಯಕ್ಷೆ ತಲೆಯ ಮೇಲೆ ಕೈ ಹೊತ್ತರು. ಬಂದವರೆಲ್ಲ ಬಿದ್ದು ಬಿದ್ದು ನಕ್ಕರು.

ಮಾಲಿಗೆ ನಾಚಿಕೆಯೂ ಆಗಲಿಲ್ಲ. ಕಳೆ ಕೀಳುವುದರಲ್ಲೇ ಕಾಲ ಕಳೆದವನ ಮುಖದಲ್ಲಿ, ಹೆಂಡತಿ ಹೋದ ಮೇಲೆ ಕಳೆಯೇ ಉಳಿದಿರಲಿಲ್ಲ. ಮಗುವಿನಂತೆ ಸಾಕಿದ ಹುಲ್ಲನ್ನು ಕೂಲಿಯವರು ಅಗೆಯುವಾಗಲೂ, ಯಾರದೋ ಮನೆಯ ಸಾಮಾನು ಸಾಗಿಸುತ್ತಿದ್ದಾರೆ ಎಂಬಂತೆ ನೋಡುತ್ತ ನಿಂತಿದ್ದ.

ಕಿತ್ತ ಜೊಂಡನ್ನು ಮತ್ತೆ ನೆಟ್ಟು ನೋಡುವುದು, ಬೇಸಿಗೆ ಮುಗಿಯುವುದರೊಳಗೆ ಅದು ಬೇರು ಬಿಡದಿದ್ದರೆ ಹೊಂಡ ಮುಚ್ಚಿ ಮತ್ತೆ ಹುಲ್ಲನ್ನೇ ಹಾಕುವುದೆಂದು ಸಮಿತಿ ತೀರ್ಮಾನಿಸಿತು.

“ಸುಮ್ನಿರಿ ಭಾವ, ಒಣಗಿ ಹೋಗ್ಲಿ. ನಿಮ್ಮ ಹುಲ್ಲು ನಿಮಗೆ ವಾಪಸ್ ಬರುತ್ತೆ,” ಎಂದು ಗೇಟು ಕಾಯುವ ಭಾಮೈದ ಕಿವಿ ಊದಿದ.

ಮಾಲಿ ಹೊಂಡಕ್ಕೆ ಇಳಿದ. ಮೊಣಕಾಲುದ್ದ ಕೆಸರಿನಲ್ಲಿ ನಿಂತು, ಕಿತ್ತಿದ್ದನ್ನೆಲ್ಲ ತಿರುಗಿ ನೆಟ್ಟ. ನೀರು ಇಳಿದಾಗಲೆಲ್ಲ ಪೈಪು ಎಳೆದು ತಂದು ತುಂಬಿಸಿದ. ಬೇಸಿಗೆ ಮುಗಿಯುವ ಹೊತ್ತಿಗೆ ಜೊಂಡು ಎದೆಯೆತ್ತರ ಬೆಳೆದಿತ್ತು. ಕಪ್ಪೆ ಬಂತು, ಕಪ್ಪೆಯನ್ನು ಹುಡುಕಿಕೊಂಡು ಕೊಕ್ಕರೆಯೂ ಬಂತು.

ಅಧ್ಯಕ್ಷೆಯ ಕಣ್ಣು ತುಂಬಿತು. “ನಿಮ್ಮ ಹುಲ್ಲುಹಾಸು ವಾಪಸ್ ಸಿಗ್ತಿತ್ತಲ್ಲ ಮಾಲಿಯಣ್ಣ, ಆದ್ರೂ ಇದನ್ನ ಯಾಕೆ ಉಳಿಸಿದ್ರಿ?”

ಮಾಲಿ ಕೊಕ್ಕರೆಯನ್ನೇ ನೋಡುತ್ತ ಹೇಳಿದ: “ಹುಲ್ಲಾದ್ರೆ ವಾರ ವಾರ ಕತ್ತರಿಸ್ಬೇಕು ಮೇಡಂ. ಇದನ್ನ ಕತ್ತರಿಸ್ಬಾರ್ದು ಅಂತ ನೀವೇ ಹೇಳಿದ್ರಿ.”