ಮೊಲದ ಮನೆಯ ಅಣ್ಣ

ಅವರ ಎರಡೂ ಮುಂಗೈಗಳ ಮೇಲೆ ಸ್ಲೇಟಿನ ಮೇಲೆ ಮೊಳೆಯಿಂದ ಎಳೆದ ಹಾಗೆ ಬಿಳಿಯ ಗೀರುಗಳಿದ್ದವು. ಮೊಲದ ಹಿಂಗಾಲಿನ ಉಗುರು ಎಷ್ಟು ಚೂಪು ಎಂಬುದು ಅದನ್ನು ಎತ್ತಿಕೊಂಡವರಿಗಷ್ಟೇ ಗೊತ್ತು. ಮೈಸೂರಿನಲ್ಲಿ ನಾನು ಸಂಶೋಧನೆಗೆ ಸೇರಿದ ಪ್ರಯೋಗಾಲಯದ ಹಿಂದೆ, ಶೀಟು ಹೊದಿಸಿದ ಕಟ್ಟಡವೊಂದರಲ್ಲಿ ಮೊಲಗಳಿದ್ದವು. ಅವನ್ನು ನೋಡಿಕೊಳ್ಳುತ್ತಿದ್ದವರು ಅವರು. ಹುಣಸೂರಿನಿಂದ ಬೆಳಗಿನ ಮೊದಲ ಬಸ್ಸಿಗೆ, ಕಂಕುಳಲ್ಲಿ ಒಂದು ಕಟ್ಟು ಕುದುರೆಮಸಾಲೆ ಸೊಪ್ಪು ಇರುಕಿಕೊಂಡು ಬರುತ್ತಿದ್ದರು. ನಾವೆಲ್ಲ ಅವರನ್ನು ಅಣ್ಣ ಎನ್ನುತ್ತಿದ್ದೆವು.

ತೊಂಬತ್ತರ ದಶಕದ ನಡುಭಾಗ ಅದು. ನಾನು ಬೆನ್ನುಹತ್ತಿದ್ದು ಒಂದು ಪುಟ್ಟ ಪ್ರೋಟೀನನ್ನು. ಜೀವಕೋಶದ ಹೊರಮೈಗೆ ತಲುಪಿದ ಸುದ್ದಿ ಒಳಗೆ ದಾಟುವಾಗ ಬೇರೆ ಎರಡು ಪ್ರೋಟೀನುಗಳನ್ನು ಜೋಡಿಸಿ ಹಿಡಿದುಕೊಳ್ಳುವುದಷ್ಟೇ ಅದರ ಕೆಲಸ. ಹಾಗಾಗಿ ಅಡಾಪ್ಟರ್ ಎಂಬ ಹೆಸರು. ಅದು ನಮಗೆ ಕಾಣಬೇಕಾದರೆ ಅದನ್ನೇ ಹುಡುಕಿ ಹಿಡಿಯುವ ಪ್ರತಿಕಾಯ ಬೇಕು. ಹೊರದೇಶದಿಂದ ತರಿಸಿದ್ದು ಐಸು ಕರಗಿ ದಾರಿಯಲ್ಲೇ ಕೆಟ್ಟಿತ್ತು. ನಾವೇ ಮಾಡಿಕೊಳ್ಳೋಣ ಎಂದರು ನನ್ನ ಮಾರ್ಗದರ್ಶಕರು. ಆ ಪ್ರೋಟೀನಿನ ತುಣುಕನ್ನು ಮೊಲಕ್ಕೆ ಚುಚ್ಚಿದರೆ, ಅದರ ಪ್ರತಿಕಾಯ ಮೊಲದ ರಕ್ತದಲ್ಲಿ ಹುಟ್ಟುತ್ತದೆ.

ಮೊದಲ ದಿನ ಅಣ್ಣ ನನ್ನನ್ನು ಬಾಗಿಲಲ್ಲೇ ತಡೆದರು. "ಮೇಡಂ, ಮಲ್ಲಿಗೆ ತಗ್ದು ಆಚೆ ಮಡಗಿ. ವಾಸ್ನೆಗೆ ಬೆದ್ರತವೆ. ಯಾವೂರು ನಿಮ್ದು?"

"ಸಾಲಿಗ್ರಾಮ. ಕೆ.ಆರ್. ನಗರದ ಹತ್ತಿರ."

"ಅಂಗಾರೆ ನಮ್ಮ ಕಡೆಯೋಳೇ ಬುಡು!" ಅಂದಿನಿಂದ ಮೇಡಂ ಎನ್ನುವುದು ನಿಂತು, ನಾನು ಅವರ ಬಾಯಲ್ಲಿ ಅವ್ವ ಆದೆ.

ಅವರು ಒಳಗೆ ಹೋಗುವ ಮುನ್ನ ಬಾಗಿಲಲ್ಲಿ ನಿಂತು ಒಮ್ಮೆ ಕೆಮ್ಮುತ್ತಿದ್ದರು. ಗೂಡುಗಳಲ್ಲಿ ಸರಬರ ಸದ್ದು ನಿಂತ ಮೇಲೆ ಚಿಲಕ ತೆಗೆಯುತ್ತಿದ್ದರು. ಮೊಲವನ್ನು ಎದೆಗೊತ್ತಿ, ಅದರ ಮುಖವನ್ನು ತಮ್ಮ ಕಂಕುಳಿಗೆ ಸೇರಿಸಿ ಕೂತರೆ ಅದು ಅಲುಗುತ್ತಿರಲಿಲ್ಲ.

ಚುಚ್ಚುಮದ್ದು ಕೊಡಬೇಕಿದ್ದ ದಿನ ಕೆ.ಆರ್. ನಗರದ ಬಸ್ಸು ಕೆಟ್ಟು ನಾನು ಊರಿನಿಂದ ಬರುವಾಗ ಮಧ್ಯಾಹ್ನ. ಚುಚ್ಚುವ ಮೊದಲು ಮೊಲದ ಕಿವಿಯಿಂದ ಸ್ವಲ್ಪ ರಕ್ತ ತೆಗೆದಿಡಬೇಕೆಂಬ ನಿಯಮವಿದೆ. ಅದನ್ನು ಬಿಟ್ಟುಬಿಡೋಣ, ಹೊತ್ತಾಯಿತು ಎಂದೆ.

"ಮೊದ್ಲು ರಕ್ತ ತಕ್ಕವ್ವ, ಆಮ್ಯಾಕೆ ಸೂಜಿ."

"ಒಂದು ಸಲ ಬಿಟ್ಟರೆ ಏನೂ ಆಗಲ್ಲ ಅಣ್ಣ."

"ಅಂಗಾರೆ ನಾ ಮೊಲ ಇಡ್ಕಳಕ್ಕಿಲ್ಲ. ಇವತ್ತು ಬುಟ್ರೆ, ನಾಳೆ ಬೇಕು ಅಂದ್ರೆ ಎಲ್ಲಿಂದ ತತ್ತೀಯ?" ಎಂದು ಕೈಕಟ್ಟಿ ನಿಂತರು. ನಾನು ಮುಖ ಊದಿಸಿಕೊಂಡೇ ರಕ್ತ ತೆಗೆದೆ. ಸಣ್ಣ ನಳಿಕೆಯಲ್ಲಿ ಹಾಕಿ ಫ್ರೀಜರಿನ ಮೂಲೆಗೆ ತಳ್ಳಿದೆ.

ಪ್ರತಿಕಾಯ ಏನನ್ನಾದರೂ ಹಿಡಿದರೆ ಎಕ್ಸ್‌ರೇ ಫಿಲ್ಮಿನ ಮೇಲೆ ಅದು ಕಪ್ಪು ಗೆರೆಯಾಗಿ ಕಾಣುತ್ತದೆ. ನಾಲ್ಕು ತಿಂಗಳಾದ ಮೇಲೆ ಆ ಮೊಲದ ರಕ್ತ ಬಳಸಿ ನೋಡಿದಾಗ, ಫಿಲ್ಮಿನಲ್ಲಿ ನಾವು ಕಾಯುತ್ತಿದ್ದ ಎತ್ತರದಲ್ಲೇ ದಟ್ಟ ಕಪ್ಪು ಗೆರೆ ಮೂಡಿತು. ಪ್ರಯೋಗಾಲಯದಲ್ಲೆಲ್ಲ ಸಿಹಿ ಹಂಚಿದೆ. ಮಾರ್ಗದರ್ಶಕರು ಪ್ರಬಂಧ ಬರೆಯಲು ಕೂತರು. ಬರೆಯುತ್ತ ಬರೆಯುತ್ತ ಕೇಳಿದರು: "ಚುಚ್ಚುವುದಕ್ಕೆ ಮುಂಚಿನ ರಕ್ತದಲ್ಲಿ ನೋಡಿದ್ದೀಯ ತಾನೆ?"

ನೋಡಿರಲಿಲ್ಲ. ಆ ಸಣ್ಣ ನಳಿಕೆ ಹುಡುಕಿ ತೆಗೆದು ನೋಡಿದೆ. ಅದರಲ್ಲೂ ಅದೇ ಗೆರೆ, ಅಷ್ಟೇ ಕಪ್ಪು. ಅಂದರೆ ನಾವು ಕಂಡಿದ್ದು ನಮ್ಮ ಪ್ರೋಟೀನಲ್ಲ. ಆ ಮೊಲದ ರಕ್ತದಲ್ಲಿ ಮೊದಲೇ ಇದ್ದ ಇನ್ನಾವುದೋ ಪ್ರತಿಕಾಯ ಇನ್ನಾವುದನ್ನೋ ಹಿಡಿಯುತ್ತಿತ್ತು. ಆ ನಳಿಕೆ ಇಲ್ಲದಿದ್ದರೆ ನಾನು ಒಂದು ಸುಳ್ಳನ್ನು ನನ್ನ ಹೆಸರಿನಲ್ಲಿ ಅಚ್ಚು ಹಾಕಿಸುತ್ತಿದ್ದೆ.

ಮೊಲದ ಮನೆಗೆ ಹೋಗಿ ಸೊಪ್ಪಿನ ಚೀಲದ ಮೇಲೆ ಕೂತು ಅತ್ತೆ. ಅಳುತ್ತಲೇ ಅಣ್ಣನಿಗೆ ನಡೆದದ್ದು ಹೇಳಿದೆ. ಅವರು ಪೊರಕೆ ಗೋಡೆಗೆ ಒರಗಿಸಿ ಕೇಳಿದರು: "ಎಲ್ಲಾ ಮೊಲ್ದಲ್ಲೂ ಇಂಗೇ ಇದ್ದದಾ?"

"ಇಲ್ಲ. ಕೆಲವು ಮೊಲಗಳಲ್ಲಿ ಇರಲ್ಲ."

"ಅಂಗಿದ್ರೆ ಮೊದ್ಲೇ ನೋಡಿ ಆರಿಸ್ಕಂಡ್ರಾಯ್ತಲ್ಲವ್ವ. ಅಳೋದ್ಯಾಕೆ?"

ಆ ಭಾನುವಾರ ನನ್ನನ್ನು ಹಾರನಹಳ್ಳಿಗೆ ಕರೆದೊಯ್ದರು. ಹುಣಸೂರಿನಲ್ಲಿದ್ದರೂ ಅವರ ಹುಟ್ಟೂರು ಅದು. ಅಲ್ಲಿ ಅವರ ಭಾವಮೈದ ಮೊಲ ಸಾಕುತ್ತಿದ್ದ. ಹೊಗೆಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್ ಮನೆಯ ನೆರಳಲ್ಲಿ ಗೂಡುಗಳಿದ್ದವು. ಒಂದೊಂದನ್ನೇ ಅಣ್ಣ ಹಿಡಿದು ಕೂತರು, ನಾನು ಕಿವಿಯಿಂದ ರಕ್ತ ತೆಗೆದೆ. ಪ್ರಯೋಗಾಲಯಕ್ಕೆ ತಂದು ನೋಡಿದಾಗ ಆರು ಮೊಲಗಳಲ್ಲಿ ಒಂದರ ರಕ್ತ ಮಾತ್ರ ಶುಭ್ರವಾಗಿತ್ತು, ಫಿಲ್ಮಿನ ಮೇಲೆ ಒಂದು ಗೆರೆಯೂ ಇಲ್ಲ. ಬೂದು ಬಣ್ಣದ ಹೆಣ್ಣು ಮೊಲ. ಮರುವಾರ ಅಣ್ಣ ಅದನ್ನು ಬಿದಿರು ಬುಟ್ಟಿಯಲ್ಲಿ ತೊಡೆಯ ಮೇಲಿಟ್ಟುಕೊಂಡು ಮೈಸೂರಿಗೆ ತಂದರು. ಅದರಿಂದ ಬಂದ ಪ್ರತಿಕಾಯ ನಮ್ಮ ಪ್ರೋಟೀನನ್ನು ಹಿಡಿಯಿತು, ಅದೊಂದನ್ನೇ ಹಿಡಿಯಿತು.

ಕೊನೆಗೆ ಮೊಲಕ್ಕೆ ಅರಿವಳಿಕೆ ಕೊಟ್ಟು ರಕ್ತವನ್ನೆಲ್ಲ ತೆಗೆಯುವುದು ಆಗಿನ ಪದ್ಧತಿ. ಆ ದಿನ ಅಣ್ಣನಿಗೆ ರಜೆ ತೆಗೆದುಕೊಳ್ಳಿ ಎಂದೆ. "ಗೊತ್ತಿಲ್ದೋರ ಕೈಲಿ ಎದ್ರಕತ್ತದೆ" ಎಂದರು. ಅದು ಪೂರ್ತಿ ನಿದ್ದೆಹೋಗುವ ತನಕ ಎದೆಗೊತ್ತಿಕೊಂಡೇ ಇದ್ದರು. ಅಂದು ಅವರು ಊಟದ ಡಬ್ಬಿ ತೆರೆಯಲಿಲ್ಲ; ಹಾಗೇ ಹುಣಸೂರಿಗೆ ವಾಪಸ್ಸು ಒಯ್ದರು.

ಆ ಪ್ರತಿಕಾಯವನ್ನು ಮುಂದೆ ಎಷ್ಟೋ ಪ್ರಯೋಗಾಲಯದವರು ಕೇಳಿ ಪಡೆದರು. ಅಣ್ಣ ನಿವೃತ್ತರಾಗಿ ಊರು ಸೇರುವ ದಿನ ನನ್ನ ಪಿಎಚ್.ಡಿ. ಪ್ರಬಂಧದ ಒಂದು ಪ್ರತಿ ಕೊಟ್ಟೆ. ಎರಡೂ ಕೈಯಲ್ಲಿ ತೆಗೆದುಕೊಂಡರು.

ಅವರು ತೀರಿಕೊಂಡ ಸುದ್ದಿ ನನಗೆ ಒಂದು ತಿಂಗಳು ತಡವಾಗಿ ಸಿಕ್ಕಿತು. ಹಾರನಹಳ್ಳಿಗೆ ಹೋದೆ. ಅವರ ಹೆಂಡತಿ ನನ್ನ ಕೈಹಿಡಿದು ಕೂರಿಸಿ, ಒಳಗಿನಿಂದ ಆ ಪ್ರಬಂಧ ತಂದರು. ಟವೆಲಿನಲ್ಲಿ ಸುತ್ತಿಟ್ಟಿದ್ದರು.

"ಬಂದೋರ್ಗೆಲ್ಲ ತೋರ್ಸೋರು, ನಮ್ಮವ್ವ ಬರ್ದಿರೋ ಬುಕ್ಕು ಅಂತ. ನಂಗೆ ಓದಕ್ಕೆ ಬರಕ್ಕಿಲ್ಲ ಕಣವ್ವ. ಇದ್ರಾಗೆ ಅವ್ರ ಎಸ್ರು ಎಲ್ಲದೆ, ವಸಿ ತೋರ್ಸು."

ಕೃತಜ್ಞತೆಯ ಪುಟದಲ್ಲಿ ಹನ್ನೊಂದು ಹೆಸರುಗಳಿದ್ದವು. ಫಿಲ್ಮು ತೊಳೆದುಕೊಟ್ಟ ಸ್ಟುಡಿಯೊದವರದೂ ಇತ್ತು. ಅಣ್ಣನದಿರಲಿಲ್ಲ. ಬೇಕೆಂದು ಬಿಟ್ಟಿದ್ದಲ್ಲ. ನೆನಪೇ ಆಗಿರಲಿಲ್ಲ, ಅದು ಇನ್ನೂ ಕೆಟ್ಟದ್ದು. ಯಾವುದಾದರೂ ಸಾಲಿನ ಮೇಲೆ ಬೆರಳಿಟ್ಟು ಇದೇ ಎನ್ನಬಹುದಿತ್ತು. ಆಗಲಿಲ್ಲ.

"ಬರೆದಿಲ್ಲಮ್ಮ. ಮರೆತುಬಿಟ್ಟೆ."

ಅವರು ನನ್ನ ಮುಖ ನೋಡಿದರು, ಪುಟ ನೋಡಿದರು. ಆಮೇಲೆ ಪುಟದ ಕೆಳಗಿನ ಖಾಲಿ ಜಾಗದ ಮೇಲೆ ಅಂಗೈ ಇಟ್ಟು, "ಇಲ್ಲಿ ಜಾಗ ಅದಲ್ಲವ್ವ. ಈಗ ಬರಿ" ಎಂದರು.

ಬರೆದೆ.