ಕುಂತ ಬಣ್ಣ, ಹಿಡಿದ ಬಣ್ಣ

ಮೊನ್ನೆ ನವನಗರದ ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ವಿದ್ಯಾರ್ಥಿನಿಯೊಬ್ಬಳು ಅಸಿಟಿಕ್ ಆ್ಯಸಿಡ್ ಬಾಟಲಿಯ ಮುಚ್ಚಳ ತೆಗೆದಳು. ಮೂಗಿಗೆ ಅಡರುವ ಆ ಹುಳಿವಾಸನೆಗೆ ಉಳಿದವರೆಲ್ಲ ಕಿಟಕಿಯ ಕಡೆ ಓಡಿದರೆ, ನಾನು ನಿಂತಲ್ಲೇ ನಿಂತು ಉಸಿರೆಳೆದುಕೊಂಡೆ. ಮೇಡಂಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು. ನನಗೋ ಅದು ಇಳಕಲ್ಲಿನ ನಮ್ಮ ಓಣಿಯ ವಾಸನೆ, ಬಣ್ಣದ ಕಾಕಾರ ಅಂಗಳದ ವಾಸನೆ...

ಕಾಕಾ ನಮ್ಮ ಪಕ್ಕದ ಮನೆಯವರು. ರಕ್ತಸಂಬಂಧವೇನೂ ಇಲ್ಲ. ಹಂಡೆಗೆ ಇದೇ ಹುಳಿ ಆ್ಯಸಿಡ್ ಬೆರೆಸಿ ಸೀರೆಯ ರೇಷ್ಮೆ ನೂಲಿಗೆ ಬಣ್ಣ ಹಾಕುತ್ತಿದ್ದರು, ಹಾಗಾಗಿ ಇಡೀ ಓಣಿಗೇ ಬಣ್ಣದ ಕಾಕಾ. ಕೈ ಮೊಣಕೈವರೆಗೆ ಸದಾ ಕೆಂಪು, ಮೂಗಿನ ತುದಿಯಲ್ಲಿ ಸದಾ ಸಿಟ್ಟು. ಒಣಹಾಕಿದ ನೂಲಿನ ಹತ್ತಿರ ಸುಳಿದರೆ ಗದರುತ್ತಿದ್ದರು, ಆಮೇಲೆ ತಾವೇ ಕರೆದು ಚಹಾ ಕೊಡಿಸುತ್ತಿದ್ದರು.

ಆಗ ನಾನು ದೂರದ ಊರಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ವಿಷಯ ಹೇಳಲು ಶುರುಮಾಡಿದರೆ ಮನೆಯವರು ಆಕಳಿಸುತ್ತಿದ್ದರು. ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣಗಳು. ಔಷಧ ಹೊತ್ತು ಅವು ರಕ್ತಕ್ಕಿಳಿದರೆ ಅಲ್ಲಿನ ಪ್ರೋಟೀನುಗಳು ಬಂದು ಅವುಗಳ ಮೈಮೇಲೆಲ್ಲ ಅಂಟಿಕೊಳ್ಳುತ್ತವೆ. ಆಮೇಲೆ ದೇಹ ಗುರುತಿಸುವುದು ಆ ಹೊದಿಕೆಯನ್ನೇ ಹೊರತು ಚಿನ್ನವನ್ನಲ್ಲ. ಎಷ್ಟು ಅಂಟಿತು ಎಂದು ಅಳೆಯುವುದು ನನ್ನ ಕೆಲಸ. ಎರಡನ್ನೂ ಬೆರೆಸಿ, ಯಂತ್ರದಲ್ಲಿ ಗರಗರ ತಿರುಗಿಸಿ, ಕಣಗಳು ತಳಕ್ಕಿಳಿದ ಮೇಲೆ ಮೇಲಿನ ನೀರು ಚೆಲ್ಲಿ, ಕಣಗಳನ್ನು ತೊಳೆದು, ಅವುಗಳ ಮೇಲೆ ಉಳಿದ ಪ್ರೋಟೀನನ್ನು ಅಳೆಯುತ್ತಿದ್ದೆ. ಪ್ರತಿ ಸಲವೂ ಬೇರೆಯೇ ಅಂಕಿ. ನನ್ನ ಕೈಯೇ ಸರಿಯಿಲ್ಲ ಅಂದುಕೊಂಡು ಒಂದು ದಿನ ಮೂರು ಸಲ ತೊಳೆದೆ, ಇನ್ನೊಂದು ದಿನ ಐದು ಸಲ. ಅಂಕಿ ಮತ್ತಷ್ಟು ಕೆಟ್ಟಿತು. ಒಂದು ತಿಂಗಳಲ್ಲಿ ಸರಿಹೋಗದಿದ್ದರೆ ವಿಷಯ ಕೈಬಿಡು ಎಂದರು ಮಾರ್ಗದರ್ಶಕರು. ಎರಡು ವರ್ಷದ ದುಡಿಮೆ ನೀರುಪಾಲು! ಊರಿಗೆ ಬಂದು ಮುಖ ಗಂಟುಹಾಕಿಕೊಂಡು ಕೂತೆ.

ಒಂದು ಬೆಳಿಗ್ಗೆ ಕಾಕಾ ಸೆರಗಿನ ನೂಲಿಗೆ ಕೆಂಪು ಹಾಕುತ್ತಿದ್ದರು. ಹಂಡೆಯಿಂದ ನೂಲು ಎತ್ತಿದವರು ಅದರ ಕಡೆ ಕಣ್ಣೂ ಹಾಯಿಸದೆ, ಹಂಡೆಯಲ್ಲಿ ಉಳಿದ ನೀರನ್ನು ಚಹಾ ಕುಡಿಯುವ ಬಿಳಿ ಬಸಿಗೆ ಹೊಯ್ದು ನೋಡಿದರು. ನೂಲು ತೊಳೆದ ಮೊದಲ ನೀರು ಎರಡನೆಯ ಬಸಿಗೆ, ಮುಂದಿನ ನೀರು ಮೂರನೆಯದಕ್ಕೆ. ಅಡುಗೆಮನೆಯಲ್ಲಿ ಒಂದೂ ಬಸಿ ಉಳಿಯುವುದಿಲ್ಲ ಎಂದು ಕಾಕಾರ ಹೆಂಡತಿ ಕಾಕು ದಿನಾ ಬಯ್ಯುತ್ತಿದ್ದುದು ಇದಕ್ಕೇ. ನೂಲು ಬಿಟ್ಟು ನೀರು ಯಾಕೆ ನೋಡುತ್ತೀರಿ ಎಂದೆ.

"ಹಸಿ ನೂಲಿನ ಮಾರಿ ನಂಬಬ್ಯಾಡ ತಂಗೀ, ಎಲ್ಲಾ ದಟ್ಟನ ಕಾಣ್ತೈತಿ. ಎಷ್ಟ ಹೀರೇತಿ ಅಂತ ಉಳದ ನೀರು ಹೇಳ್ತೈತಿ."

ಅಯ್ಯೋ ಪಾಪ ಅನ್ನಲಿ ಎಂಬ ಆಸೆಯಿಂದ ನನ್ನ ಗೋಳೆಲ್ಲ ಹೇಳಿಕೊಂಡೆ. ಪಾಪ ಅನ್ನಲಿಲ್ಲ. ತೊಳೆದ ನೀರು ಏನು ಮಾಡಿದಿ ಎಂದು ಮಾತ್ರ ಕೇಳಿದರು. ಚೆಲ್ಲಿದೆ ಎಂದೆ. ಕಾಕಾ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಮ್ಯಾಲ ಕುಂತ ಬಣ್ಣ ಬ್ಯಾರೆ, ಹಿಡದ ಬಣ್ಣ ಬ್ಯಾರೆ. ಕುಂತಿದ್ದನ್ನ ನೀನ ಎಬ್ಬಿಸಿ ಕಳಿಸಿ, ಬಂದೇ ಇಲ್ಲಂತ ಬರಕೊಂಡ್ರ ಹೆಂಗ?"

ಇದು ಪುಸ್ತಕದಲ್ಲಿ ಇರಲಿಲ್ಲವೇ? ಇತ್ತು. ಸಡಿಲ ಹೊದಿಕೆ, ಗಟ್ಟಿ ಹೊದಿಕೆ ಎಂದು ಓದಿ ಪರೀಕ್ಷೆಯನ್ನೂ ಬರೆದಿದ್ದೆ. ತಲೆಗೆ ಹೋಗಿರಲಿಲ್ಲ, ಅಷ್ಟೇ.

ಮರುದಿನವೇ ಬಸ್ಸು ಹತ್ತಿದೆ. ಉಳಿದ ನೀರು, ಮೊದಲು ತೊಳೆದ ನೀರು, ಎರಡನೆಯದು, ಮೂರನೆಯದು ಎಲ್ಲವನ್ನೂ ಬೇರೆ ಬೇರೆ ಕೊಳವೆಗಳಲ್ಲಿ ತೆಗೆದಿಟ್ಟು ಅಳೆದೆ. ಸಡಿಲವಾಗಿ ಕೂತದ್ದು ಮೊದಲೆರಡು ನೀರಿನಲ್ಲೇ ಹೆಚ್ಚಾಗಿ ಇಳಿದುಹೋಗಿತ್ತು, ಆಮೇಲೂ ಚೂರುಪಾರು ಬಿಡುತ್ತಿತ್ತು. ಕಣಗಳ ಮೇಲೆ ಉಳಿದದ್ದನ್ನೂ ಸೇರಿಸಿ ಎಲ್ಲ ಕೂಡಿಸಿದರೆ, ನಾನು ಹಾಕಿದ್ದ ಪ್ರೋಟೀನಿನಷ್ಟೇ ಆಯಿತು! ಕೈ ಸರಿಯಾಗಿಯೇ ಇತ್ತು. ದಿನಕ್ಕೊಂದು ರೀತಿ ತೊಳೆದದ್ದು ತಪ್ಪಾಗಿತ್ತು. ಅಂದು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಇವತ್ತು ನಾನು ಉಣ್ಣುವ ಅನ್ನ ಕಾಕಾರ ಆ ಒಂದು ಮಾತಿನದು.

ಆದರೆ ಮೌಖಿಕ ಪರೀಕ್ಷೆಯ ದಿನ, ತೊಳೆದ ನೀರನ್ನೂ ಅಳೆಯುವ ಈ ಶಿಸ್ತು ಎಲ್ಲಿ ಕಲಿತಿರಿ ಎಂದು ಹೊರಗಿನಿಂದ ಬಂದ ಪರೀಕ್ಷಕರು ಮೆಚ್ಚಿ ಕೇಳಿದಾಗ, ಯಾವುದೋ ಲೇಖನದಲ್ಲಿ ಓದಿದ್ದೆ ಎಂದುಬಿಟ್ಟೆ. ಅಷ್ಟು ದೊಡ್ಡವರ ಎದುರು ಚಹಾದ ಬಸಿಗಳ ಸುದ್ದಿ ಹೇಳಲು ನಾಚಿಕೆ. ಪ್ರಬಂಧದ ಕೃತಜ್ಞತೆಯ ಪುಟದಲ್ಲೂ ಅವರ ಹೆಸರಿಲ್ಲ.

ಊರಿಗೆ ಹೋಗಿ ತಪ್ಪೊಪ್ಪಿಕೊಂಡೆ. ಕಾಕಾ ನೂಲು ಹಿಂಡುವುದನ್ನು ನಿಲ್ಲಿಸಲೂ ಇಲ್ಲ.

"ಸೀರಿ ಉಟ್ಟಾಕಿನ್ನ ಬಣ್ಣಾ ಹಾಕಿದಾವ ಯಾರಂತ ಯಾರರ ಕೇಳ್ತಾರೇನ? ಬಣ್ಣಾ ಬಿಡಲಿಲ್ಲಲ್ಲ, ಅಷ್ಟ ಸಾಕು."

ಅವರಿಗೆ ಸಾಕಾಗಿತ್ತು. ನನಗೆ ಸಾಕಾಗಿರಲಿಲ್ಲ. ಮುಂದೆ ಎಲ್ಲಾದರೂ ಹೇಳಿದರಾಯಿತು, ಬರೆದರಾಯಿತು ಎನ್ನುತ್ತಲೇ ವರ್ಷಗಳು ಹೋದವು... ಮೂರು ವರ್ಷದ ಹಿಂದೆ ಕಾಕಾ ತೀರಿಕೊಂಡರು. ಪರೀಕ್ಷೆಯ ಕೆಲಸವಿತ್ತು, ಮಣ್ಣಿಗೂ ಹೋಗಲಾಗಲಿಲ್ಲ.

ನಿನ್ನೆ, ಮೊನ್ನೆ ಬಾಟಲಿ ತೆರೆದ ಆ ಹುಡುಗಿಯ ಪ್ರಾಜೆಕ್ಟಿನ ಪರೀಕ್ಷೆ ನಡೆಯಿತು. ಬೇರೆ ಊರಿನಿಂದ ಬಂದ ಪರೀಕ್ಷಕರು ಅವಳ ಕೊಳವೆಗಳ ಸಾಲನ್ನು ನೋಡಿ, ಇದನ್ನು ಯಾರು ಹೇಳಿಕೊಟ್ಟರು ಎಂದು ಕೇಳಿದರು. ಅವಳು ಹೆಮ್ಮೆಯಿಂದ ನನ್ನ ಕಡೆ ಕೈ ತೋರಿಸಿದಳು. ಕೂತಿರಲು ಆಗಲಿಲ್ಲ, ಎದ್ದೆ. ನಾನಲ್ಲ ಎಂದೆ. ಕಾಕಾರ ಹೆಸರು, ಅವರ ತಂದೆಯ ಹೆಸರು, ಮನೆತನ, ಓಣಿ ಎಲ್ಲವನ್ನೂ ಎಲ್ಲರ ಮುಂದೆ ಗಟ್ಟಿಯಾಗಿ ಹೇಳಿದೆ. ಬಸಿಗಳ ಸುದ್ದಿಯನ್ನೂ ಹೇಳಿದೆ. ಯಾರೂ ನಗಲಿಲ್ಲ. ಪರೀಕ್ಷಕರು ಪೆನ್ನು ತೆಗೆದು ಹೆಸರನ್ನು ಬರೆದುಕೊಂಡರು. ಇಳಕಲ್ ಇಲ್ಲಿಂದ ದೂರವೇನಲ್ಲವಲ್ಲ, ನಾಳೆ ಕರೆದುಕೊಂಡು ಹೋಗುತ್ತೀರಾ, ಅವರನ್ನು ನೋಡಬೇಕು ಎಂದರು.

"ನಾನ ಮೂರ ವರ್ಷ ತಡಾ ಮಾಡಿಬಿಟ್ಟೆನ್ರಿ ಸರ್," ಎಂದೆ.